ಗಿಡಕ್ಕೊಂದು ಕಲ್ಲು

ಬೆಳಗಿನ ಕಾಫಿಗೆಂದು ಕೆಳಗಿಳಿದು ಬಂದ ನನ್ನ ಸೊಸೆ ತನುಶ್ರೀ, ಕಾಫಿಯ ಸುದ್ದಿಯನ್ನೇ ಎತ್ತದೆ ಸಿಂಕಿನ ಮುಂದೆ ನಿಂತುಬಿಟ್ಟಿದ್ದಳು. ಅವಳ ಒಂದು ಕೈಯಲ್ಲಿ ಒಂದು ಎಲೆ, ಇನ್ನೊಂದು ಕೈಯಲ್ಲಿ ಇನ್ನೊಂದು ಎಲೆ. ಮೈಸೂರಿನ ಹುಡುಗಿ, ದನಿ ಏರಿಸಿ ಮಾತಾಡಿ ಗೊತ್ತಿಲ್ಲ. ಆದರೆ ಆವತ್ತು ಅವಳು ಕೇಳಿದ ರೀತಿಗೆ ನಾನು ಗಂಜಿಯ ಪಾತ್ರೆ ತೊಳೆಯುವುದನ್ನು ಅಲ್ಲಿಗೇ ಬಿಟ್ಟೆ.

"ಅತ್ತೆ, ಮಾವ ದಿನಾ ತಿಂತಿರೋ ಚಟ್ನಿ ಈ ಎಲೇದಾ?"

"ಹೌದು, ತಿಮರೆ ಚಟ್ನಿ. ನಿಮ್ಮ ಕಡೆ ಒಂದೆಲಗ ಅಂತೀರಲ್ಲ, ಅದೇ. ಎಂತಕ್ಕೆ?"

"ಎಲ್ಲಿ ಸಿಕ್ತು?"

"ಇಲ್ಲೇ, ಹಿಂದಿನ ಕೆರೆ ಹತ್ರ. ರಾಶಿ ಉಂಟು ಮಾರಾಯ್ತಿ, ಮುಟ್ಟುವವರಿಲ್ಲ. ಈ ದೇಶದವರಿಗೆ ಅದರ ಬೆಲೆ ಎಂತ ಗೊತ್ತು?"

ತನುಶ್ರೀ ನನ್ನ ಮುಖ ನೋಡಿದಳು. "ಅತ್ತೆ, ಒಂದೆಲಗ ಇಲ್ಲಿ ಬೆಳೆಯಲ್ಲ. ಇಲ್ಲಿನ ಸ್ನೋಗೆ ಒಂದೇ ವಿಂಟರಲ್ಲಿ ಸತ್ತೋಗತ್ತೆ. ಇದು ಒಂದೆಲಗ ಅಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಪಡುಬಿದ್ರಿಯ ನಮ್ಮ ಮನೆಯಲ್ಲಿ ಬಚ್ಚಲಿನ ನೀರು ಹರಿದುಹೋಗುವ ಕಣಿಯ ಬದಿಯಲ್ಲಿ ತಿಮರೆ ಕೊಯ್ದು ಬೆಳೆದವಳು ನಾನು. ದುಂಡಗಿನ ಎಲೆ, ತೊಟ್ಟಿನ ಹತ್ತಿರ ಒಂದು ಸೀಳು, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲು, ಕಾಲಿಟ್ಟರೆ ಪಚಕ್ಕೆನ್ನುವ ಒದ್ದೆ ನೆಲ. ಇನ್ನೆಂತ ಬೇಕು? ರೆಕ್ಸ್‌ಡೇಲಿನ ಅಪಾರ್ಟ್‌ಮೆಂಟು ಬಿಟ್ಟು ಅರೋರಾದಲ್ಲಿರುವ ಮಗನ ಮನೆಗೆ ಬಂದು ಮೂರು ವರ್ಷವಾಯಿತು. ಈ ಊರಿನಲ್ಲಿ ನನಗೆ ಗುರುತು ಸಿಕ್ಕಿದ್ದು ಆ ಎಲೆಯೊಂದೇ. ಅದನ್ನೂ ಇವಳು ಅಲ್ಲ ಅನ್ನಬೇಕೇ!

ಆದರೆ ಅವಳು ಸುಮ್ಮನೆ ಮಾತಾಡುವವಳಲ್ಲ. ಅವಳ ಕೆಲಸವೇ ಕೆರೆ, ಹಳ್ಳಗಳದ್ದು. ಮೊಣಕಾಲುದ್ದದ ಬೂಟು ಹಾಕಿಕೊಂಡು ನೀರಿನ ಪರೀಕ್ಷೆಗೆ ತಿರುಗುವ ಎಂಜಿನಿಯರು. ದಡದ ಗಿಡಗಳ ಗುರುತು ಅವಳಿಗಿದೆ.

"ನೋಡಿ, ಇದು ವಯೊಲೆಟ್," ಎಂದು ಎಡಗೈಯ ಎಲೆ ತೋರಿಸಿದಳು. "ಕೆರೆ ದಡದಲ್ಲಿ, ಒದ್ದೆ ಹುಲ್ಲುಗಾವಲಲ್ಲಿ ಬೆಳೆಯೋ ಕಾಡು ವಯೊಲೆಟ್. ಮೇ ತಿಂಗಳಲ್ಲಿ ನೇರಳೆ ಹೂ ಬಿಡತ್ತೆ. ಇದನ್ನ ತಿಂದ್ರೆ ಏನೂ ಆಗಲ್ಲ. ಇದು ಫ್ರಿಜ್ಜಲ್ಲಿದ್ದ ಚೀಲದ್ದು. ಆದ್ರೆ ಈ ಇನ್ನೊಂದು ಎಲೆ ಸೊಪ್ಪು ತೊಳೆಯೋ ತೂತಿನ ಪಾತ್ರೆ ತಳಕ್ಕೆ ಅಂಟ್ಕೊಂಡಿತ್ತು. ಎಷ್ಟು ಹೊಳೀತಿದೆ ನೋಡಿ. ಇದು ಬೇರೆ ಗಿಡ. ಮಾರ್ಷ್ ಮ್ಯಾರಿಗೋಲ್ಡ್ ಅಂತಾರೆ. ಹಸಿಯಾಗಿ ತಿಂದ್ರೆ ವಿಷ."

"ಮ್ಯಾರಿಗೋಲ್ಡ್ ಅಂದ್ರೆ ಚೆಂಡುಹೂ ಅಲ್ವಾ? ಅದೆಂತ ವಿಷ?"

"ಹೆಸರು ಮಾತ್ರ ಹಾಗೆ ಅತ್ತೆ, ಗಿಡ ಬೇರೆ. ಬಾಯಿ, ಹೊಟ್ಟೆ ಎಲ್ಲ ಉರಿಯತ್ತೆ. ಜಾಸ್ತಿ ಹೋದ್ರೆ ಹಾರ್ಟ್‌ ಬೀಟೇ ಸ್ಲೋ ಆಗತ್ತೆ. ಮಾವ ಬೀಪಿ ಮಾತ್ರೆ ಬೇರೆ ತಗೋತಾರೆ. ಇವತ್ತು ತಿಂದ್ರಾ?"

ತಿಂದಿದ್ದರು. ಏಳೂವರೆಗೆ, ಖಾಲಿ ಹೊಟ್ಟೆಗೆ, ಒಂದು ದೊಡ್ಡ ನೆಲ್ಲಿಕಾಯಿ ಗಾತ್ರದ ಉಂಡೆ. ಆಮೇಲೆ ಗಂಜಿಗೆ ನೆಂಚಿಕೊಂಡು ಇನ್ನಷ್ಟು. ಒಂದು ಚೂರೂ ಉಳಿಸಬಾರದೆಂದು ಎದುರು ಕೂತು ತಿನ್ನಿಸಿದವಳು ನಾನೇ. ಆಗ ಗಂಟೆ ಎಂಟೂ ಹತ್ತು.

ನಾನು ಮುಂದಿನ ಕೋಣೆಗೆ ಓಡಿದೆ. ಓಡಿದೆ ಅಂದರೆ, ನನ್ನ ಮೊಣಕಾಲು ಬಿಟ್ಟಷ್ಟು. ಇವರು, ಎಂದರೆ ನನ್ನ ಗಂಡ ಚೆನ್ನಯ, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತು ಬೀದಿ ನೋಡುತ್ತಿದ್ದರು. ತರಕಾರಿ ಸಿಪ್ಪೆಯ ಹಸಿರು ಡಬ್ಬಿ ಖಾಲಿ ಮಾಡಿಕೊಂಡು ಲಾರಿ ಆಗಷ್ಟೇ ಮುಂದೆ ಹೋಗಿತ್ತು. ನಿನ್ನೆಯ ದಂಟು, ಕಡ್ಡಿ ಎಲ್ಲ ಅದರಲ್ಲಿ ಹೋಯಿತು. ಯಾವುದರ ದಂಟು ಎಂದು ಕೆದಕಿ ನೋಡುವ ದಾರಿಯೂ ಇಲ್ಲ.

"ನಾಲಗೆ ಉರೀತದಾ?" ಎಂದೆ.

ಇವರು ಯೋಚಿಸಿದರು. "ಸ್ವಲ್ಪ ಉಂಟು."

"ಯಾವಾಗಿಂದ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ ಎಂತ? ನಾಲಗೆ ನಿಮ್ಮದಲ್ವಾ?" ನನ್ನ ದನಿ ಬೀದಿಗೆ ಕೇಳುವಷ್ಟು ಏರಿತ್ತು. "ಎಂತ ಕೊಯ್ದು ತಂದದ್ದು ನೀವು? ಎಲ್ಲಿ ಕೊಯ್ದದ್ದು? ಕಣ್ಣು ಮುಚ್ಚಿಕೊಂಡು ಕೊಯ್ದಿರಾ?"

ಹತ್ತು ದಿನದಿಂದ ನನ್ನ ಮೊಣಕಾಲು ಊದಿಕೊಂಡಿತ್ತು. ಹಾಗಾಗಿ ಸೊಪ್ಪಿಗೆ ಸಂಜೆ ಇವರೊಬ್ಬರನ್ನೇ ಕಳಿಸುತ್ತಿದ್ದೆ. ನಿನ್ನೆ ಮಾತ್ರ ಸ್ವಲ್ಪ ಹಗುರ ಅನಿಸಿ ನಾನೂ ಕೆರೆ ದಾರಿಯ ಮೋರಿಯವರೆಗೆ ಎದುರು ಹೋಗಿದ್ದೆ. ಚೀಲ ನಾನೇ ಹಿಡಿದುಕೊಂಡೆ, ಒಟ್ಟಿಗೆ ಮನೆಗೆ ಬಂದೆವು. ಇವರನ್ನು ಒಬ್ಬರನ್ನೇ ಕಳಿಸಿದ್ದು ನನ್ನ ತಪ್ಪು ಎಂದುಕೊಂಡೆ.

ತನುಶ್ರೀ ಅಷ್ಟರಲ್ಲಿ ವಿಷದ ಹೆಲ್ಪ್‌ಲೈನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ್ದಳು. ಆ ಕಡೆಯ ನರ್ಸಿನ ದನಿ ತಣ್ಣಗಿತ್ತು. ವಾಂತಿ ಉಂಟಾ? ಇಲ್ಲ. ತಲೆ ಸುತ್ತು? ಇಲ್ಲ. ತನುಶ್ರೀ ಇವರ ಮಣಿಕಟ್ಟು ಹಿಡಿದು ಗಡಿಯಾರ ನೋಡಿ ನಾಡಿ ಎಣಿಸಿದಳು. ಐವತ್ತೆಂಟು. ಐವತ್ತಕ್ಕಿಂತ ಇಳಿದರೆ, ಅಥವಾ ವಾಂತಿ ಶುರುವಾದರೆ ತಕ್ಷಣ ಆಂಬುಲೆನ್ಸಿಗೆ ಹೇಳಿ ಎಂದರು ನರ್ಸು. ಇಲ್ಲದಿದ್ದರೆ, ಕೊಯ್ದ ಜಾಗ ಹತ್ತಿರವೇ ಇದ್ದರೆ, ಹೋಗಿ ಯಾವ ಗಿಡದಿಂದ ಕೊಯ್ದದ್ದು, ಎಷ್ಟು ಕೊಯ್ದದ್ದು ನೋಡಿ. ಮುಕ್ಕಾಲು ಗಂಟೆಯಲ್ಲಿ ನಾನೇ ಫೋನು ಮಾಡುತ್ತೇನೆ. ಆಗಲೂ ಗೊತ್ತಾಗದಿದ್ದರೆ ನೇರ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ ಎಂದೂ ಹೇಳಿದರು.

"ಎಮರ್ಜೆನ್ಸಿಗೆ ನಾನು ಬರುವುದಿಲ್ಲ," ಎಂದರು ಇವರು.

ಯಾಕೆಂದು ನನಗೆ ಗೊತ್ತಿತ್ತು. ಅಲ್ಲಿ ಮೊದಲು ಕೇಳುವುದೇ ಇವತ್ತು ಯಾವ ವಾರ, ಯಾವ ತಾರೀಕು ಎಂದು.

ತನುಶ್ರೀ ಫೋನು ಕೆಳಗಿಟ್ಟಳು. "ಅತ್ತೆ, ನಮ್ಮಜ್ಜಿ ಪರೀಕ್ಷೆ ಟೈಮಲ್ಲಿ ನಂಗೆ ಒಂದೆಲಗ ಕೊಡ್ತಿದ್ರು. ಜ್ಞಾಪಕಶಕ್ತಿಗೆ ಅಂತ." ಅವಳು ನಿಧಾನವಾಗಿ ಕೇಳಿದಳು. "ಮಾವಂಗೆ ಯಾಕೆ ದಿನಾ ಕೊಡ್ತಿದೀರಾ?"

ನಾನು ಎಲ್ಲರಿಗೂ ಹೇಳಿದ್ದು ಹೊಟ್ಟೆಗೆ ತಂಪು ಎಂದು. ಮಗ ಹರ್ಷಿತನಿಗೂ ಅದನ್ನೇ ಹೇಳಿದ್ದೆ. ಅವನು ಮಿಸಿಸಾಗದ ಆಫೀಸಿಗೆ ಬೆಳಿಗ್ಗೆ ಆರೂವರೆಗೆ ಹೊರಟರೆ ಬರುವುದು ಕತ್ತಲಿಗೆ. ಅವನ ಕಣ್ಣಿಗೆ ಏನೂ ಬೀಳುವುದಿಲ್ಲ ಎಂಬ ಧೈರ್ಯ ನನಗೆ. ಆದರೆ ಚಳಿಗಾಲದಿಂದ ನಾನು ನೋಡುತ್ತಿದ್ದೆ. ಕಾರಿನ ಕೀ ಅಕ್ಕಿ ಡಬ್ಬಿಯೊಳಗೆ ಸಿಕ್ಕಿತ್ತು. ಇಪ್ಪತ್ತೊಂದು ವರ್ಷ ಒಂದೇ ಬಸ್ಸಿನಲ್ಲಿ ರೆಕ್ಸ್‌ಡೇಲಿನ ಬ್ರೆಡ್ ಫ್ಯಾಕ್ಟರಿಗೆ ಹೋದ ಮನುಷ್ಯ, ಈ ಮಾರ್ಚಿನಲ್ಲಿ ಇಲ್ಲಿನ ಬಸ್ಸಿನಿಂದ ಎಲ್ಲೋ ಇಳಿದು ಎರಡು ಗಂಟೆ ಹಿಮದಲ್ಲಿ ನಿಂತಿದ್ದರು. ಒಂದು ದಿನ ಮಗನ ಹೆಸರಿಗೆ ತಡವರಿಸಿದರು. ನಾನು ಯಾರಿಗೂ ಬಾಯಿ ಬಿಡಲಿಲ್ಲ. ಡಾಕ್ಟರಿಗೆ ತೋರಿಸಿದರೆ ಅದಕ್ಕೊಂದು ಹೆಸರು ಬರುತ್ತದೆ. ಹೆಸರು ಬಂದರೆ ಅದು ಮನೆಯೊಳಗೆ ಬಂದು ಕೂತ ಹಾಗೆ. ಜೂನ್ ಮೊದಲ ವಾರ ಕೆರೆಯ ಹತ್ತಿರ ಆ ಎಲೆ ಕಂಡಾಗ ನಾನು ಅಲ್ಲೇ ಕೈಮುಗಿದಿದ್ದೆ. ನಲವತ್ತೆಂಟು ದಿನ ಬಿಡದೆ ಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅವತ್ತಿಗೆ ಹದಿನೇಳು ದಿನವಾಗಿತ್ತು.

"ಹೊಟ್ಟೆಗೆ..." ಎಂದು ಶುರುಮಾಡಿದೆ. ಅಳು ಬಂತು.

"ಆಮೇಲೆ ಮಾತಾಡೋಣ. ಈಗ ಎದ್ದೇಳಿ," ಎಂದಳು ತನುಶ್ರೀ.

ಮೂವರೂ ಹಿಂದಿನ ಗೇಟಿನಿಂದ ಹೊರಟೆವು. ಮನೆಗಳ ಬೇಲಿ ಮುಗಿದ ಕೂಡಲೇ ನಡೆಯುವ ದಾರಿ. ಆ ದಾರಿಯಲ್ಲಿ ಐದು ನಿಮಿಷ ಹೋದರೆ ಕೆರೆ. ತನುಶ್ರೀ ಇವರ ತೋಳು ಹಿಡಿದಿದ್ದಳು. ನಾನು ಕೋಲೂರಿಕೊಂಡು ಹಿಂದೆ. ನನ್ನ ಬಾಯಿಗೆ ಮಾತ್ರ ಕೋಲು ಬೇಕಿರಲಿಲ್ಲ.

"ಎಷ್ಟು ಸಲ ಹೇಳಿದ್ದೇನೆ ನಿಮಗೆ, ನಾನು ತೋರಿಸಿದ ಜಾಗದಲ್ಲೇ ಕೊಯ್ಯಿರಿ ಅಂತ? ಹೇಳಿದ್ದು ಒಂದು, ನೀವು ಮಾಡುವುದು ಒಂದು. ಯಾವಾಗ್ಲೂ ಹೀಗೇ."

"ಅತ್ತೆ, ಪ್ಲೀಸ್," ಎಂದಳು ತನುಶ್ರೀ.

ದಾರಿ ಎರಡಾಗುವ ಜಾಗ ಬಂತು. ಬಲಕ್ಕೆ ಹೋದರೆ ಮರದ ಹಲಗೆಯ ಕಟ್ಟೆ, ಎಡಕ್ಕೆ ಹೋದರೆ ಮೋರಿ. ಇವರು ಅಲ್ಲಿ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ತುಟಿ ಅಲ್ಲಾಡುತ್ತಿತ್ತು. ದಿನಾ ಸಂಜೆ ಬಂದ ದಾರಿ!

ನನ್ನ ಬಾಯಿ ತೆರೆದಿತ್ತು. ಹೇಳಿಬಿಡೋಣವೆಂದು ನಾಲಗೆಯ ತುದಿಗೆ ಬಂದಿತ್ತು. ತನುಶ್ರೀ ತಿರುಗಿ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದಳು. ಹೌದು, ನಾನು ಹೇಳಿದರೆ ಇವರು ಹೋಗುವುದು ನಾನು ಹೇಳಿದ ಕಡೆಗೆ. ಕೊಯ್ದ ಕಡೆಗೆ ಅಲ್ಲ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾನು ಬಾಯಿ ಮುಚ್ಚಿ ನಿಂತದ್ದು ಅದೇ ಮೊದಲು.

ಇವರು ಎಡಕ್ಕೆ ತಿರುಗಿದರು.

ತನುಶ್ರೀ ಇವರ ತೋಳು ಬಿಟ್ಟಳು. ನನ್ನ ಹತ್ತಿರ ಸರಿದು ಪಿಸುಗುಟ್ಟಿದಳು. "ಮೋರಿ ಹತ್ರ ಇರೋದೆಲ್ಲ ಅದೇ ಅತ್ತೆ. ಮೇ ತಿಂಗಳಲ್ಲಿ ನಾನೇ ನೋಡಿದೀನಿ, ಹಳದಿ ಹೂ ತುಂಬಿತ್ತು."

ದೇವರೇ, ಎಂದೆ. ಇನ್ನೇನು ಹೇಳಲಿ? ಕೈಯಾರೆ ಅರೆದವಳು ನಾನು. ತೆಂಗಿನತುರಿ, ಹುಣಸೆಹುಳಿ, ಹಸಿಮೆಣಸು ಹಾಕಿ, ಇವರಿಗೆ ರುಚಿಯಾಗಲಿ ಎಂದು ಒಂದು ಚೂರು ಬೆಲ್ಲವನ್ನೂ ಹಾಕಿದ್ದೆ.

ಮೋರಿಯ ಬಳಿ ನೀರು ನಿಂತ ಕೆಸರಿನಲ್ಲಿ ಆ ಗಿಡಗಳು ಗುಂಪು ಗುಂಪಾಗಿದ್ದವು. ಹೂವು ಮುಗಿದು ಎಲೆ ಮಾತ್ರ ಉಳಿದಿತ್ತು. ಅಂಗೈ ಅಗಲದ, ಎಣ್ಣೆ ಸವರಿದ ಹಾಗೆ ಹೊಳೆಯುವ ಎಲೆ. ಇವರು ಅದರ ಮುಂದೆ ನಿಂತರು.

"ಇದಾ ಮಾವ? ಇದರಿಂದ ಕಿತ್ರಾ?"

"ಛೆ, ಇದಲ್ಲ," ಎಂದರು ಇವರು. "ಇದರ ದಂಟು ಟೊಳ್ಳು. ಮುರಿದರೆ ಘಾಟು ಬರ್ತದೆ. ಇದನ್ನು ನಾನು ಮುಟ್ಟುವುದಿಲ್ಲ." ಎಂದವರೇ ಮೋರಿ ದಾಟಿ ಮುಂದೆ ನಡೆದರು.

ಮೋರಿಯಿಂದಾಚೆ ನೂರು ಹೆಜ್ಜೆಗೆ ಹುಲ್ಲುಗಾವಲು ಇಳಿಜಾರಾಗಿ ಕೆರೆಗೆ ಸೇರುತ್ತದೆ. ಅಲ್ಲಿ ಇವರು ಮೊಣಕಾಲೂರಿ ಕೂತು, ಎರಡೂ ಕೈಯಿಂದ ಹುಲ್ಲು ಸರಿಸಿದರು. ಅಡಿಯಲ್ಲಿ ಸಣ್ಣ ಸಣ್ಣ ಎಲೆಯ ಗಿಡಗಳು, ಹೊಳಪಿಲ್ಲದವು. ಪ್ರತಿ ಗಿಡದ ಬುಡದಲ್ಲಿ ಗೋಲಿಯಂಥ ಒಂದೊಂದು ಉರುಟು ಕಲ್ಲು.

"ಕಲ್ಲು ಯಾರು ಇಟ್ರು?" ಎಂದಳು ತನುಶ್ರೀ.

"ನಾನೇ. ಒಂದು ಗಿಡದಿಂದ ಒಂದೇ ಎಲೆ ತೆಗೆಯುವುದು. ಎರಡು ತೆಗೆದ್ರೆ ಪಾಪ, ಗಿಡಕ್ಕೆ ಕಷ್ಟ." ಇವರು ಸ್ವಲ್ಪ ನಾಚಿಕೊಂಡರು. "ಯಾವುದರಿಂದ ತೆಗೆದದ್ದು ಅಂತ ಮರುದಿನ ನನಗೆ ನೆನಪಿರುವುದಿಲ್ಲ. ಅದಕ್ಕೆ ಕಲ್ಲು."

ತನುಶ್ರೀ ಬಗ್ಗಿ ಒಂದೊಂದಾಗಿ ನೋಡಿದಳು. ಉಗುರಿನಿಂದ ಚಿವುಟಿದ ಒಂದೊಂದೇ ತೊಟ್ಟು. ದಡದಿಂದ ಹುಲ್ಲಿನವರೆಗೆ ಸಾಲಾಗಿ ಕಲ್ಲುಗಳು. ನಿನ್ನೆಯವು ಇನ್ನೂ ಕೆಸರು ಒಣಗದೆ ಇದ್ದವು. "ಎಲ್ಲಾ ವಯೊಲೆಟ್ಟೇ," ಎಂದಳು. "ಒಂದೂ ತಪ್ಪಿಲ್ಲ. ಮಾವ, ನೀವು ತಂದಿದ್ದು ಒಂದೂ ತಪ್ಪಿಲ್ಲ." ಒಂದು ಗಿಡದ ಬುಡ ಬಿಡಿಸಿ ನನಗೆ ತೋರಿಸಿದಳು. ಮಣ್ಣಿಗೆ ತಾಗಿದ ಹಾಗೆ ಹಸಿರು ಮೊಗ್ಗು. ಮೇ ತಿಂಗಳ ನೇರಳೆ ಹೂವು ಮುಗಿದ ಮೇಲೆ ಈ ಗಿಡ ಇಂಥ ಮೊಗ್ಗು ಬಿಡುತ್ತದಂತೆ. ಅವು ಅರಳುವುದೇ ಇಲ್ಲ, ಮುಚ್ಚಿಕೊಂಡೇ ಒಳಗೊಳಗೆ ಬೀಜ ಕಟ್ಟುತ್ತವಂತೆ. ಬಾಯಿ ಬಿಡದ ಹೂವು, ಥೇಟ್ ಇವರ ಹಾಗೆ.

"ಹಾಗಾದ್ರೆ ಆ ಹೊಳೆಯುವ ಎಲೆ ಎಲ್ಲಿಂದ ಬಂತು?" ಎಂದೆ. ಕೇಳಿ ಮುಗಿಸುವಷ್ಟರಲ್ಲಿ ನನಗೇ ಒಂದು ಸಂಶಯ ಬಂತು.

ಮೋರಿಯ ಹತ್ತಿರ ವಾಪಸು ಹೋದೆ. ಬದಿಯ ಒಂದು ಗುಂಪಿನಲ್ಲಿ ಐದಾರು ದಂಟು ಹರಿದು ನೇತಾಡುತ್ತಿದ್ದವು. ಚಿವುಟಿದ್ದಲ್ಲ, ಹಿಡಿಯಾಗಿ ಹಿಡಿದು ಜಗ್ಗಿದ್ದು. ನಮ್ಮ ಮನೆಯಲ್ಲಿ ಸೊಪ್ಪನ್ನು ಹಾಗೆ ಜಗ್ಗುವವರು ಒಬ್ಬರೇ. ಕೆಸರಿನಲ್ಲಿ ಕೋಲಿನ ತುದಿಯ ದುಂಡಗಿನ ಗುರುತೂ ಇತ್ತು. ನಾನು ಕೋಲನ್ನು ಅದರ ಮೇಲಿಟ್ಟು ನೋಡಿದೆ. ಸರಿಯಾಗಿ ಕೂತಿತು.

ಈಗ ನೆನಪಾಯಿತು. ನಿನ್ನೆ ಸಂಜೆ ಚೀಲ ಇಸಿದುಕೊಂಡವಳು ಒಳಗೆ ನೋಡಿ, "ಇಷ್ಟೇನಾ?" ಎಂದಿದ್ದೆ. "ಇಡೀ ಸಂಜೆ ಕೂತು ಇಷ್ಟು ಕೊಯ್ದದ್ದಾ?" ಎಂದು ಗೊಣಗಿ, ಕಾಲಬುಡದಲ್ಲೇ ಇದ್ದ ದೊಡ್ಡ ಎಲೆ ಕಂಡು ಹಿಗ್ಗಿ, ಒಂದು ಹಿಡಿ ಜಗ್ಗಿ ಚೀಲಕ್ಕೆ ತುರುಕಿದ್ದೆ. ಅದು ರಾತ್ರಿಯೊಳಗೆ ನನ್ನ ತಲೆಯಿಂದ ಹೋಗಿತ್ತು. ಬೆಳಗಿನಿಂದ ಇವರಿಗೆ ಬೈದದ್ದೇ ಬೈದದ್ದು!

"ನಾನು," ಎಂದೆ. "ತನುಶ್ರೀ, ನಾನೇ ಹಾಕಿದ್ದು. ಹತ್ತು, ಹನ್ನೆರಡು ಎಲೆ. ಬೆಳಿಗ್ಗೆ ಎಲ್ಲಾ ಅರೆದೆ."

ತನುಶ್ರೀ ಮತ್ತೆ ಇವರ ಮಣಿಕಟ್ಟು ಹಿಡಿದಳು. ಐವತ್ತಾರು. ಎರಡು ಇಳಿದಿತ್ತು. ಅವಳು ಫೋನು ಕೈಗೆ ತೆಗೆದುಕೊಂಡಳು.

"ಅದನ್ನು ಅರೆದಿಲ್ಲ," ಎಂದರು ಇವರು.

ನಾವಿಬ್ಬರೂ ಇವರ ಮುಖ ನೋಡಿದೆವು.

"ನಿನ್ನೆ ಸೋಸುವಾಗ ನಾನು ಬೇರೆ ತೆಗೆದೆ." ಸೊಪ್ಪು ಸೋಸುವುದು ನಮ್ಮ ಮನೆಯಲ್ಲಿ ಇವರ ಕೆಲಸ. ರಾತ್ರಿ ಊಟಕ್ಕೆ ಮುಂಚೆ ಪೇಪರು ಹಾಸಿಕೊಂಡು ಒಂದೊಂದೇ ಎಲೆ ನೋಡುತ್ತಾರೆ. "ಯಾವ ಎಲೆ ಅಂತ ಗೊತ್ತಾಗ್ಲಿಲ್ಲ. ಒಂದರ ಅಂಚು ಕಚ್ಚಿ ನೋಡಿ ಉಗಿದೆ. ನಾಲಗೆ ಸುಟ್ಟಿತು."

"ತೆಗೆದು ಎಲ್ಲಿ ಹಾಕಿದ್ರಿ ಮಾವ?"

"ತೆಗೆದಿಟ್ಟೆ."

"ಎಲ್ಲಿ?"

ಇವರ ಹಣೆ ಗಂಟಿಕ್ಕಿತು. ಕೈ ಮೇಲೆತ್ತಿದರು, ಗಾಳಿಯಲ್ಲಿ ಏನನ್ನೋ ಇಡುವ ಹಾಗೆ ಮಾಡಿದರು, ಕೈ ಕೆಳಗಿಳಿಸಿದರು. "ಇಟ್ಟಿದ್ದೇನೆ. ಎಲ್ಲಿ ಅಂತ..." ಕಣ್ಣಲ್ಲಿ ನೀರು ತುಂಬಿತು. "ಬರುವುದಿಲ್ಲ ಮೋಹಿನಿ. ತಲೆಗೆ ಬರುವುದಿಲ್ಲ."

ತನುಶ್ರೀ ನನ್ನನ್ನು ಪಕ್ಕಕ್ಕೆ ಕರೆದಳು. "ಅತ್ತೆ, ತೆಗೆದೆ ಅಂತ ಅವರಿಗೆ ಅನಿಸ್ತಿರಬಹುದು. ನಿಜವಾಗ್ಲೂ ತೆಗೆದ್ರೋ ಇಲ್ವೋ ಹೇಗೆ ನಂಬೋದು? ಎಲೆ ಕಣ್ಣಾರೆ ನೋಡದೆ ನಾನು ರಿಸ್ಕ್ ತಗೊಳಲ್ಲ. ಮನೆಗೆ ಹೋಗಿ ಕಾರು ತೆಗೀತೀನಿ."

ಮನೆಯತ್ತ ತಿರುಗಿದೆವು. ಅರ್ಧ ದಾರಿಯಲ್ಲಿ ನಾನು ಇವರ ಪಕ್ಕಕ್ಕೆ ಬಂದು ಕೇಳಿದೆ. "ಯಾವ ಎಲೆ ಒಳ್ಳೆಯದು, ಯಾವುದು ಅಲ್ಲ ಅಂತ ಅಷ್ಟು ಗೊತ್ತಿದ್ದವರಿಗೆ, ಇದು ತಿಮರೆ ಅಲ್ಲ ಅಂತ ಗೊತ್ತಿರಲಿಲ್ವಾ?"

"ಗೊತ್ತಿತ್ತು. ತಿಮರೆ ನೆಲದ ಮೇಲೆ ಬಳ್ಳಿ ಹಾಗೆ ಓಡ್ತದೆ, ಗಂಟು ಗಂಟಿಗೆ ಬೇರು ಬಿಡ್ತದೆ. ಇದು ಒಂದೇ ಕಡೆ ಕೂತ ಗಿಡ. ಪರಿಮಳವೂ ಇಲ್ಲ. ಮೊದಲ ದಿನವೇ ಗೊತ್ತಾಯಿತು."

"ಮತ್ತೆ ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು ನಿಮಗೆ? ಹದಿನೇಳು ದಿನ ತಿಂದ್ರಲ್ಲ!"

"ನೀನು ಬೆಳಿಗ್ಗೆ ಬೇಗ ಎದ್ದು ಅರೆಯುತ್ತಿದ್ದೆಯಲ್ಲ," ಎಂದರು ಇವರು. "ನನಗೆ ಮರೆಯುವುದು ನಿನಗೆ ಗೊತ್ತಾಗಿದೆ ಅಂತ ನನಗೂ ಗೊತ್ತುಂಟು. ಅದು ತಿಮರೆ ಅಲ್ಲ ಅಂತ ಹೇಳಿದ್ರೆ ನೀನು ಮತ್ತೆ ಎಂತ ಮಾಡ್ತಿ? ಕೂತು ಅಳ್ತಿ. ತಿಂದ್ರೆ ನನಗೆಂತ ನಷ್ಟ?"

ನನಗೆ ಇವರನ್ನು ಹೊಡೆಯಬೇಕೆನಿಸಿತು. ತಬ್ಬಿಕೊಳ್ಳಬೇಕೆಂದೂ ಅನಿಸಿತು. ಎರಡೂ ಮಾಡದೆ ಮೂಗು ಒರೆಸಿಕೊಂಡು ನಡೆದೆ.

ಮನೆಯ ಬೇಲಿ ಕಂಡಾಗ ನನ್ನ ತಲೆಯೊಳಗೆ ಇವರ ಕೈಯೇ ತಿರುಗುತ್ತಿತ್ತು. ಗಾಳಿಯಲ್ಲಿ ಮೇಲೆತ್ತಿದ ಆ ಕೈ. ಎಷ್ಟು ಎತ್ತರಕ್ಕೆ ಎತ್ತಿದ್ದರು? ಭುಜದಷ್ಟು. ಭುಜದ ಎತ್ತರದಲ್ಲಿ ಏನನ್ನೋ ಬಿಡಿಸಿ, ಒಳಗೆ ಹಾಕುವ ಹಾಗೆ. ಅಕ್ಕಿ ಡಬ್ಬಿ ಅಷ್ಟು ಎತ್ತರದಲ್ಲಿಲ್ಲ. ಫ್ರಿಜ್ಜೂ ಅಲ್ಲ. ಯಾವುದೋ ನೇತುಹಾಕಿದ ವಸ್ತು. ಇಪ್ಪತ್ತೊಂದು ವರ್ಷ ಬೆಳಿಗ್ಗೆ ಬಾಗಿಲು ದಾಟುವ ಮೊದಲು ಈ ಮನುಷ್ಯ ಮಾಡಿದ ಒಂದೇ ಕೆಲಸ...

"ತನುಶ್ರೀ! ಗರಾಜು ತೆಗೆ!"

"ಕಾರು ತೆಗಿಯೋಕೇ ಹೋಗ್ತಿದೀನಿ ಅತ್ತೆ."

"ಕಾರಿಗೆ ಅಲ್ಲ ಮಾರಾಯ್ತಿ, ಚೀಲಕ್ಕೆ! ಫ್ಯಾಕ್ಟರಿಯ ಊಟದ ಚೀಲ!"

ಗರಾಜಿನ ಗೋಡೆಯ ಮೊಳೆಯಲ್ಲಿ ಆ ನೀಲಿ ಚೀಲ ಇನ್ನೂ ನೇತಾಡುತ್ತಿತ್ತು. ಕೆಲಸ ಬಿಟ್ಟು ಮೂರು ವರ್ಷವಾದರೂ ಬಿಸಾಡಲು ಬಿಟ್ಟಿರಲಿಲ್ಲ. ನಾನು ಕೋಲು ಬಿಸುಟು ಅದರ ಜಿಪ್ಪು ಎಳೆದೆ. ಒಳಗೆ ಸೂಪರ್‌ಮಾರ್ಕೆಟ್ಟಿನ ಜಾಹೀರಾತು ಹಾಳೆಯ ಒಂದು ಪೊಟ್ಟಣ. ಅದನ್ನು ತನುಶ್ರೀಯ ಕೈಗೆ ಕೊಟ್ಟೆ. ಅವಳು ಬಿಚ್ಚಿದಳು. ಬಾಡಿದ, ಆದರೂ ಹೊಳಪು ಉಳಿದ ಎಲೆಗಳು. ಎಣಿಸಿದಳು, ಹನ್ನೊಂದು. ಪಾತ್ರೆಗೆ ಅಂಟಿದ್ದು ಸೇರಿ ಹನ್ನೆರಡು. ಒಂದು ಎಲೆಯ ಅಂಚಿನಲ್ಲಿ ಹಲ್ಲಿನ ಗುರುತು.

ಹಾಳೆಯ ಬದಿಯಲ್ಲಿ ಪೆನ್ಸಿಲ್ಲಿನಿಂದ ಇವರ ಅಕ್ಷರ: "ಇದು ಒಳ್ಳೆಯದಲ್ಲ. ಮೋಹಿನಿಗೆ ತೋರಿಸುವುದು."

ತನುಶ್ರೀಯ ಫೋನು ಬಡಿದುಕೊಂಡಿತು. ನರ್ಸು. ತನುಶ್ರೀ ಎಲ್ಲ ಹೇಳಿದಳು, ಮಣಿಕಟ್ಟು ಹಿಡಿದು ಮತ್ತೆ ಎಣಿಸಿದಳು. ಅರವತ್ತು. ಸಂಜೆಯವರೆಗೆ ಒಬ್ಬರು ಹತ್ತಿರ ಇರಿ, ಏನಾದರೂ ಅನಿಸಿದರೆ ಮತ್ತೆ ಫೋನು ಮಾಡಿ, ಕಾಡಿನ ಸೊಪ್ಪು ಇನ್ನು ಬೇಡ ಎಂದರು ನರ್ಸು. ಫೋನಿಟ್ಟ ತನುಶ್ರೀ ಗರಾಜಿನ ನೆಲದ ಮೇಲೆ ಕುಸಿದು ಕೂತು ಅತ್ತಳು. ಇವರು ಅವಳ ತಲೆ ಸವರಿ, "ಎಂತಾಯ್ತು ಮಗಾ?" ಎಂದರು.

ಆ ದಿನ ನಾನೇ ಹರ್ಷಿತನಿಗೆ ಫೋನು ಮಾಡಿದೆ. ಅಕ್ಕಿ ಡಬ್ಬಿಯ ಕೀಯಿಂದ ಹಿಡಿದು ಎಲ್ಲ ಹೇಳಿದೆ. ಅವನು ಕೊನೆಯವರೆಗೂ ಕೇಳಿದ. ಆಮೇಲೆ, "ಅಮ್ಮ, ಇಷ್ಟು ದಿನ ಒಬ್ಬಳೇ ಇದನ್ನು ಇಟ್ಕೊಂಡಿದ್ಯಾ?" ಎಂದ. ಗುರುವಾರ ಹತ್ತು ಗಂಟೆಗೆ ಡಾಕ್ಟರ ಹತ್ತಿರ ಹೋಗುವುದೆಂದು ತೀರ್ಮಾನವಾಯಿತು. ಬರುವುದೇನೋ ಬರಲಿ, ಹೆಸರಿಟ್ಟುಕೊಂಡೇ ಬರಲಿ.

ಮರುದಿನ ಏಳೂವರೆಗೆ ಇವರು ಮೇಜಿನ ಮುಂದೆ ಬಂದು ಕೂತರು. ನಾನು ಗಂಜಿ ಇಟ್ಟೆ, ಜೊತೆಗೆ ಮಾವಿನ ಉಪ್ಪಿನಕಾಯಿ. ಇವರು ಬಟ್ಟಲು ನೋಡಿದರು, ನನ್ನನ್ನು ನೋಡಿದರು.

"ತಿಮರೆ ಚಟ್ನಿ ಎಲ್ಲಿ?"

"ಅದು ತಿಮರೆ ಅಲ್ಲ," ಎಂದೆ.

"ಹೌದಾ?" ಇವರ ಕಣ್ಣು ಅರಳಿತು. "ತಿಮರೆ ಅಲ್ವಾ ಅದು? ನಾನು ತಿಮರೆ ಅಂತಲೇ ತಿಂತಾ ಇದ್ದದ್ದು."

ಮತ್ತೆ ನನ್ನ ಸಮಾಧಾನಕ್ಕೆ ನಾಟಕ ಮಾಡುತ್ತಿದ್ದಾರೆಯೇ ಎಂದು ಮುಖ ಹುಡುಕಿದೆ. ಹಾಗೆಯೇ ಆಗಿರಲಿ ಎಂದು ಹುಡುಕಿದೆ. ಇವರು ಚಮಚ ಬಿಟ್ಟು ಪ್ಯಾಂಟಿನ ಜೇಬಿಗೆ ಕೈ ಹಾಕಿದರು. ಏನೋ ಚುಚ್ಚುತ್ತಿತ್ತು ಅನಿಸುತ್ತದೆ. ಹೊರಗೆ ತೆಗೆದು ಬಟ್ಟಲಿನ ಪಕ್ಕ ಇಟ್ಟರು. ಆರು ಉರುಟು ಕಲ್ಲುಗಳು.

"ಇದೆಂತಕ್ಕೆ ನನ್ನ ಜೇಬಲ್ಲಿ, ಮೋಹಿನಿ?"

ನಾಟಕವಲ್ಲ. ಗಂಜಿ ಆರುತ್ತಿತ್ತು. ನಾನು ಎದುರಿನ ಕುರ್ಚಿ ಎಳೆದು ಕೂತೆ. ಕಲ್ಲೊಂದನ್ನು ಕೈಗೆ ತೆಗೆದುಕೊಂಡು, "ಹೇಳ್ತೇನೆ, ಊಟ ಮಾಡ್ತಾ ಕೇಳಿ," ಎಂದು ಮೊದಲಿನಿಂದ ಹೇಳಲು ಶುರುಮಾಡಿದೆ.